ಲಿಗ್ಯಾಂಡ್ ನಿಜವಾಗಿ ಹಾರಿತೇ? ಗುಂಪಿನ ಪ್ರಶ್ನೋತ್ತರ

ಹಾಸನ, ಚಿಕ್ಕಮಗಳೂರು ಕಡೆಯ ಎಂಎಸ್ಸಿ, ಫಾರ್ಮಸಿ ವಿದ್ಯಾರ್ಥಿಗಳ ಗುಂಪು. ಇವತ್ತಿನ ವಿಷಯ: ಸಿಮ್ಯುಲೇಶನ್ ಟ್ರಜೆಕ್ಟರಿಯಿಂದ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿದ ಅಣುಗಳ ಚಲನೆಯನ್ನು ಫ್ರೇಮ್ ಫ್ರೇಮಾಗಿ ಉಳಿಸಿದ ಫೈಲಿನಿಂದ, ವಿಡಿಯೊ ಮಾಡುವುದು. ಕೇಳುವವರ ಹೆಸರಿನ ಬದಲು ಊರು ಹಾಕಿದೆ. ಉತ್ತರ ಕೊಡುವವರು ಮೇಡಂ.

ಬೇಲೂರು: ನಮಸ್ತೆ ಮೇಡಂ. ಪ್ರೋಟೀನ್ ಜೊತೆ ಲಿಗ್ಯಾಂಡ್ (ಅದಕ್ಕೆ ಅಂಟುವ ಚಿಕ್ಕ ಅಣು) ಇಟ್ಟು ಸಿಮ್ಯುಲೇಶನ್ ಸಾಫ್ಟ್‌ವೇರ್ ಗ್ರೋಮ್ಯಾಕ್ಸ್‌ನಲ್ಲಿ 100 ನ್ಯಾನೊಸೆಕೆಂಡ್ ಓಡಿಸಿದೆ. ಪೆಟ್ಟಿಗೆ 8 ನ್ಯಾನೊಮೀಟರ್, 10 ಪಿಕೊಸೆಕೆಂಡಿಗೊಂದು ಫ್ರೇಮ್. ಅಣುಗಳನ್ನು ತೋರಿಸುವ ವಿಎಂಡಿಯಲ್ಲಿ ನೋಡಿದರೆ ಮಧ್ಯದಲ್ಲಿ ಲಿಗ್ಯಾಂಡ್ ತಾನು ಕೂತ ಪ್ರೋಟೀನಿನ ಗುಳಿ, ಅಂದರೆ ಪಾಕೆಟ್, ಬಿಟ್ಟು ಪೆಟ್ಟಿಗೆಯ ಆ ಕಡೆಗೆ ಹಾರುತ್ತೆ, ಮತ್ತೆ ವಾಪಸ್ ಬರುತ್ತೆ. ಸೀನಿಯರ್ ಒಬ್ಬರು ಆ ಫ್ರೇಮ್‌ಗಳನ್ನು ಡಿಲೀಟ್ ಮಾಡು ಅಂದರು. ಸೋಮವಾರ ಸೆಮಿನಾರ್.

ಕಡೂರು: ನನಗೆ ಸ್ಕ್ರೀನ್ ತುಂಬ ಉದ್ದುದ್ದ ಗೆರೆ ಬರ್ತಿವೆ. ಒಂದು ಫಾರ್ವರ್ಡ್ ಬಂದಿದೆ: "ಸ್ಮೂದಿಂಗ್ 10 ಇಡಿ, ಎಲ್ಲ ಸರಿಹೋಗುತ್ತೆ."

ಮೇಡಂ: ಬೇಲೂರು, ಒಂದು ಫ್ರೇಮನ್ನೂ ಡಿಲೀಟ್ ಮಾಡಬೇಡಿ. ನೀರಿನ ಅಣುವೇ 10 ಪಿಕೊಸೆಕೆಂಡಿನಲ್ಲಿ ಸರಾಸರಿ 0.4 ನ್ಯಾನೊಮೀಟರ್ ಸರಿಯುತ್ತೆ. ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಗ್ಯಾಂಡ್ ಒಂದೇ ಫ್ರೇಮಿನಲ್ಲಿ 8 ನ್ಯಾನೊಮೀಟರ್ ಹೋಗೋಕೆ ಸಾಧ್ಯವೇ ಇಲ್ಲ. ಸಿಮ್ಯುಲೇಶನ್‌ನಲ್ಲಿ ಪೆಟ್ಟಿಗೆಯ ಎಲ್ಲ ದಿಕ್ಕಿಗೂ ಅದೇ ಪೆಟ್ಟಿಗೆ ಮತ್ತೆ ಮತ್ತೆ ಇರುತ್ತೆ. ಬಲಗೋಡೆ ದಾಟಿದ ಪರಮಾಣುವನ್ನು ಫೈಲು ಎಡಗೋಡೆಯ ಹತ್ತಿರ ಬರೆಯುತ್ತೆ. ಹಾರಿದ್ದು ಬರಹ, ಲಿಗ್ಯಾಂಡ್ ಅಲ್ಲ.

ಗ್ರೋಮ್ಯಾಕ್ಸ್‌ನ ಟ್ರಜ್‌ಕಾನ್ವ್‌ನಲ್ಲಿ ಪಿಬಿಸಿ (ಪೆಟ್ಟಿಗೆಯ ಪುನರಾವರ್ತನೆ) ಆಯ್ಕೆಗೆ ಮೊದಲು ಹೋಲ್ ಕೊಡಿ, ಒಡೆದ ಅಣುಗಳು ಕೂಡುತ್ತವೆ. ಆಮೇಲೆ ನೋಜಂಪ್, ಅದು ಗೋಡೆ ದಾಟುವ ಹಾರಾಟ ತೆಗೆಯುತ್ತೆ. ನೋಜಂಪ್‌ಗೆ ಕೊಡುವ ಮೂಲ ರಚನೆಯಲ್ಲಿ ಲಿಗ್ಯಾಂಡ್ ಪಾಕೆಟ್ ಒಳಗೇ ಇರಬೇಕು, ಇದನ್ನು ಕಣ್ಣಾರೆ ನೋಡಿ. ನಂತರ ಪ್ರೋಟೀನನ್ನು ಮಧ್ಯಕ್ಕೆ ತನ್ನಿ. ಫಿಟ್ ಮಾಡುವುದು, ಅಂದರೆ ಪ್ರತಿ ಫ್ರೇಮಿನ ಪ್ರೋಟೀನನ್ನು ತಿರುಗಿಸಿ ಮೂಲ ರಚನೆಗೆ ಹೊಂದಿಸುವುದು, ಕಟ್ಟಕಡೆಗೆ. ಪ್ರೋಟೀನ್ ತಿರುಗಿಸಿದ ಮೇಲೆ ಪೆಟ್ಟಿಗೆಯ ಲೆಕ್ಕ ಹಾಕಿದರೆ ಎಲ್ಲ ಕೆಡುತ್ತೆ. ಜೊತೆಗೆ ಮಿನ್‌ಡಿಸ್ಟ್ (ಲಿಗ್ಯಾಂಡ್, ಪ್ರೋಟೀನ್ ನಡುವಿನ ಅತಿ ಕಡಿಮೆ ದೂರ) ಗ್ರಾಫ್ ತೆಗೆಯಿರಿ, ಅದು ಪೆಟ್ಟಿಗೆಯ ಪುನರಾವರ್ತನೆಯನ್ನು ಗಣನೆಗೆ ತಗೊಳ್ಳುತ್ತೆ. ದೂರ 0.3 ನ್ಯಾನೊಮೀಟರ್ ಒಳಗೇ ಇದ್ದರೆ ಲಿಗ್ಯಾಂಡ್ ಪ್ರೋಟೀನ್ ಬಿಟ್ಟು ಹೋಗಿಲ್ಲ. ಗ್ರಾಫ್ ಇಲ್ಲಿ ಹಾಕಿ, ನಾನು ನೋಡಬೇಕು.

ಮೇಡಂ: ಕಡೂರು, ನಿಮ್ಮದೂ ಅದೇ. ಗೋಡೆ ದಾಟಿ ಎರಡು ಕಡೆ ಬಿದ್ದ ಅಣುವಿನ ಬಂಧಗಳೇ ಆ ಗೆರೆಗಳು. ಸ್ಮೂದಿಂಗ್ ಅಂದರೆ ಅಕ್ಕಪಕ್ಕದ ಫ್ರೇಮ್‌ಗಳ ಸರಾಸರಿ. ಎಡಗೋಡೆ, ಬಲಗೋಡೆಯ ಸರಾಸರಿ ತೆಗೆದರೆ ಪರಮಾಣು ಎಂದೂ ಇರದ ಜಾಗದಲ್ಲಿ ಕಾಣುತ್ತೆ. ತಿರುಗುವ ಮೀಥೈಲ್ ಗುಂಪಿನ ಹೈಡ್ರೋಜನ್‌ಗಳು ಕುಗ್ಗಿ ಕಾರ್ಬನ್ನಿಗೆ ಅಂಟುತ್ತವೆ. ಈ ಫಾರ್ವರ್ಡ್ ಹಂಚಬೇಡಿ.

ಸಕಲೇಶಪುರ: ಮಳೆಗೆ ಕರೆಂಟ್ ಹೋಗಿ ರೆಂಡರ್ ಅರ್ಧಕ್ಕೆ ನಿಲ್ಲುತ್ತೆ.

ಮೇಡಂ: ಫ್ರೇಮಿಗೊಂದು ಚಿತ್ರವಾಗಿ ಉಳಿಸಿ, ಚಿತ್ರ ಅಳಿಸುವ ಆಯ್ಕೆಯ ಟಿಕ್ ತೆಗೆಯಿರಿ. ನಿಂತಲ್ಲಿಂದ ಮುಂದುವರಿಸಿ, ಕೊನೆಗೆ ಚಿತ್ರಗಳಿಂದ ವಿಡಿಯೊ ಮಾಡುವ ಎಫ್ಎಫ್ಎಂಪೆಗ್‌ನಲ್ಲಿ ಜೋಡಿಸಿ.

ಅರಸೀಕೆರೆ: 50,000 ಪರಮಾಣು, 10,000 ಫ್ರೇಮ್. ಲೋಡ್ ಮಾಡಿದರೆ ಲ್ಯಾಪ್‌ಟಾಪ್ ಹ್ಯಾಂಗ್.

ಮೇಡಂ: ಒಂದು ಫ್ರೇಮಿನಲ್ಲಿ ಪರಮಾಣುವಿಗೆ 12 ಬೈಟ್. ಗುಣಿಸಿದರೆ 6 ಜಿಬಿ. ನೀರು ತೆಗೆಯಿರಿ, ಹತ್ತಕ್ಕೊಂದು ಫ್ರೇಮ್ ಸಾಕು.

ಮೂಡಿಗೆರೆ: ಇಷ್ಟೆಲ್ಲ ಯಾಕೆ? ಪೈಮಾಲ್ ಸಾಫ್ಟ್‌ವೇರ್‌ನಲ್ಲಿ ಮೊದಲ, ಕೊನೆಯ ರಚನೆ ಕೊಟ್ಟು ಮಾರ್ಫ್ ಮಾಡಿದರೆ ಚೆಂದದ ವಿಡಿಯೊ ಬರುತ್ತೆ.

ತರೀಕೆರೆ: ಮಾರ್ಫ್‌ನ ನಡುವಿನ ಚಿತ್ರಗಳು ಸಾಫ್ಟ್‌ವೇರ್ ಕಟ್ಟಿದ್ದು ಕಣ್ರೀ. ಸಿಮ್ಯುಲೇಶನ್ ಅಂತ ತೋರಿಸೋದು ಮೋಸ.

ಮೂಡಿಗೆರೆ: ಮೋಸ ಅನ್ನೋಕೆ ನೀವ್ಯಾರು? ಸ್ಲೈಡಲ್ಲಿ ಮಾರ್ಫ್ ಅಂತ ಬರೀತೀವಿ.

ತರೀಕೆರೆ: ಹೋದ ಸಲ ಬರೆದಿರಲಿಲ್ಲವಲ್ಲ.

ಮೂಡಿಗೆರೆ: ಅದನ್ನ ಇಲ್ಲಿ ಎತ್ತಬೇಡಿ.

ಹಾಸನ: ಸಿಮ್ಯುಲೇಶನ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಲಿ?

ಚನ್ನರಾಯಪಟ್ಟಣ: ಮೇಡಂ, ನನಗೂ ಲಿಗ್ಯಾಂಡ್ ಹಾರ್ತಿದೆ, ಏನು ಮಾಡಲಿ?

ಮೇಡಂ: ಮೇಲೆ ಬರೆದಿದ್ದೇನೆ. ಓದಿ. ಮೂಡಿಗೆರೆ, ತರೀಕೆರೆ, ನಿಮ್ಮ ಜಗಳ ಬೇರೆ ಕಡೆ. ಮಾರ್ಫ್ ತೋರಿಸಿದರೆ ಅದರ ಮೇಲೇ ಮಾರ್ಫ್ ಅಂತ ಬರೆದಿರಬೇಕು, ಅಷ್ಟೆ.

ಕಡೂರು: ಸ್ಮೂದಿಂಗ್ 5 ಇಟ್ಟರೆ?

ಮೇಡಂ: ಬೇಡ ಅಂದೆನಲ್ಲ!

ಬೇಲೂರು: ಮೇಡಂ, ಹಾರುವುದು ನಿಂತಿತು. ಗ್ರಾಫ್ ಹಾಕಿದ್ದೇನೆ, ದೂರ 0.2ರ ಹತ್ತಿರವೇ ಇದೆ. ಆದರೆ 62ನೇ ನ್ಯಾನೊಸೆಕೆಂಡಿನಿಂದ ಲಿಗ್ಯಾಂಡಿನ ಒಂದು ಉಂಗುರ ಮೆಲ್ಲಗೆ ಹೊರಗೆ ತಿರುಗಿ, ಕೊನೆವರೆಗೂ ಹಾಗೇ ನಿಲ್ಲುತ್ತೆ.

ಮೇಡಂ: ನೋಡಿದೆ. ಇದು ಫ್ರೇಮಿಂದ ಫ್ರೇಮಿಗೆ ಹಂತಹಂತವಾಗಿ ಆಗಿದೆ, ಪೆಟ್ಟಿಗೆಯ ಆಟ ಅಲ್ಲ. ಸೆಮಿನಾರ್‌ನಲ್ಲಿ ಇದನ್ನೇ ತೋರಿಸಿ, ಒಂದೇ ರನ್ ಅಂತಲೂ ಹೇಳಿ. ಆರಂಭದ ವೇಗಗಳನ್ನು ಬದಲಿಸಿ ಇನ್ನೆರಡು ರನ್ ಇವತ್ತೇ ಹಾಕಿ. ಆ ಉಂಗುರ ಎಷ್ಟು ತಿರುಗಿದೆ ಅಂತ ತೋರಿಸುವ ಡೈಹೆಡ್ರಲ್ ಕೋನದ ಗ್ರಾಫ್ ರಾತ್ರಿಯೊಳಗೆ ಕಳಿಸಿ.