ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ: ಅಮ್ಮನನ್ನು ಜನವರಿಯಲ್ಲಿ ಕರ್ಕೊಂಡು ಹೋಗುವುದಾ, ಆಗಸ್ಟ್‌ನಲ್ಲಾ?

ಮಲ್ಲಿಗೆ ಮನೆ (ಶಂಕರಪುರ, ಉಡುಪಿ)

ನಮ್ಮ ಅಮ್ಮನಿಗೆ ಈಗ 71. ನಲವತ್ತು ವರ್ಷದಿಂದ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕೊಡುತ್ತಿದ್ದಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಅಂದರೆ ಅವರಿಗೆ ಈ ಲೆಕ್ಕ. ಸುಮ್ನೆ ನೋಡಲಿಕ್ಕೆ ಅಂತ ಎಲ್ಲಿಗೂ ಹೋದವರಲ್ಲ. ಮೊನ್ನೆ ಟಿವಿಯಲ್ಲಿ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆ ತೋರಿಸಿದರು. "ಇಷ್ಟೆಲ್ಲ ಕೊಯ್ದದ್ದು ಯಾರು?" ಅಂತ ಕೇಳಿದರು. ಸರಿ, ತೋರಿಸಿಯೇ ಬಿಡುವ ಅಂತ ಹೊರಟಿದ್ದೇನೆ.

ಮೊಣಕಾಲು ನೋವುಂಟು, ಜಾಸ್ತಿ ನಡೆಯಲಿಕ್ಕೆ ಆಗುವುದಿಲ್ಲ. ಜನವರಿಯಲ್ಲಿ ಮದುವೆ, ದೈವದ ನೇಮ ಅಂತ ಮಲ್ಲಿಗೆ ರೇಟು ಏರಿರುತ್ತದೆ, ಗಿಡ ಬಿಟ್ಟು ಬರುವುದು ಡೌಟು. ಆಗಸ್ಟ್ ಆಗಬಹುದಾ?

ಘಾಟಿ ಇಳಿದವ

ಜನವರಿಯೇ ಸರಿ ಮಾರಾಯ್ರೆ. ಮಳೆಗಾಲದಲ್ಲಿ ಘಾಟಿ ನಂಬಿ ಹೊರಡುವುದಾ? 2024ರ ಜುಲೈ ಕೊನೆಗೆ ಎಡಕುಮೇರಿ ಹತ್ತಿರ ಗುಡ್ಡ ಜರಿದು ರೈಲೇ ನಿಂತಿತ್ತು.

ನಾನು ಎಂಟು ವರ್ಷ ಲಾಲ್‌ಬಾಗ್ ಹತ್ತಿರದ ಮಾವಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದೆ. ಮೊದಲ ಸಲ 26ನೇ ತಾರೀಕೇ ಹೋಗಿ, ಹೂವಿಗಿಂತ ಎದುರಿನವರ ಬೋಳುತಲೆ ಜಾಸ್ತಿ ನೋಡಿದೆ. ಶುರುವಾದ ಎರಡು ಮೂರು ದಿನದೊಳಗೆ, ರಜೆಯಿಲ್ಲದ ದಿನ, ಬೆಳಿಗ್ಗೆಯೇ ಹೋಗಿ. ಹೂವನ್ನು ಒದ್ದೆ ಸ್ಪಂಜಿಗೆ ಚುಚ್ಚಿ ನಿಲ್ಲಿಸುವುದು. ದಿನ ಹೋದ ಹಾಗೆ ಗುಲಾಬಿಯ ಅಂಚು ಕಂದುತ್ತದೆ. ನಮಗೆ ಗೊತ್ತಾಗಲಿಕ್ಕಿಲ್ಲ, ನಿಮ್ಮ ಅಮ್ಮನಿಗೆ ದೂರದಿಂದಲೇ ಗೊತ್ತಾಗುತ್ತದೆ!

ಮಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲಿಂದ ಹಸಿರು ಲೈನ್ ಮೆಟ್ರೊ, ನಾಲ್ಕನೇ ಸ್ಟೇಷನ್ನೇ ಲಾಲ್‌ಬಾಗ್. ತೋಟ 240 ಎಕರೆ, ಪೂರ್ತಿ ಸುತ್ತುವ ಆಸೆ ಬಿಡಿ. ಗಾಜಿನ ಮನೆ ನೋಡಿ ಒಂದು ಮರದ ಕೆಳಗೆ ಕೂತರೆ ಸಾಕು.

ಮತ್ತೆ ಒಂದು ಮಾತು ಮೊದಲೇ ಹೇಳಿಡಿ: ಅಲ್ಲಿ ಪರಿಮಳ ಹುಡುಕಬಾರದು. ನನ್ನ ಅತ್ತೆ ಹಗ್ಗದ ಮೇಲಿಂದ ಬಗ್ಗಿ ಒಂದು ಗುಲಾಬಿಗೆ ಮೂಗು ಇಟ್ಟರು. "ಎಂತದೂ ಇಲ್ಲ" ಅಂತ ಮುಖ ತಿರುಗಿಸಿದರು. ಅಷ್ಟರಲ್ಲಿ ಗಾರ್ಡು ಸೀಟಿ ಊದಿದ.

ಕದ್ರಿ ಗುಡ್ಡೆ

ಅಷ್ಟು ದೂರ ಯಾಕೆ? ಮಂಗಳೂರಿನ ಕದ್ರಿ ಪಾರ್ಕಿನಲ್ಲೂ ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ಆಗುತ್ತದಲ್ಲ. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಬಹುದು.

ಮಲ್ಲಿಗೆ ಮನೆ

ಕದ್ರಿಗೆ ಒಮ್ಮೆ ಹೋಗಿದ್ದೆವು. ಅಮ್ಮ ಹೂವು ನೋಡಲೇ ಇಲ್ಲ, ಗಿಡ ಮಾರುವವರ ಹತ್ತಿರ ಒಂದು ಗಂಟೆ ಚೌಕಾಸಿ. ಐದು ಚಟ್ಟಿ ಹೊತ್ತುಕೊಂಡು ಬಂದದ್ದು ನಾನು.

ಸಾಲಿಗ್ರಾಮದವಳು

ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಹೈದರಾಲಿ ಕಾಲದ ತೋಟ ಅದು. ಆದರೆ ಅಮ್ಮನಿಗೆ ಖುಷಿಯಾಗುವ ಚರಿತ್ರೆ ಬೇರೆ ಉಂಟು. ಅಲ್ಲೇ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿನ ಮೂಲ ನಮ್ಮ ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯರು, 1924ರಲ್ಲಿ ಶುರು ಮಾಡಿದ್ದು. ರವೆ ಇಡ್ಲಿ ತಿನ್ನಿಸಿಯೇ ಕರ್ಕೊಂಡು ಬನ್ನಿ. ಕ್ಯೂ ಉದ್ದ ಇರುತ್ತದೆ, ಅಮ್ಮನಿಗೆ ಕೂರಲಿಕ್ಕೆ ಜಾಗ ಮಾಡಿಕೊಡಿ.

ಮಲ್ಲಿಗೆ ಮನೆ

ಎಲ್ಲ ಓದಿ ಹೇಳಿದೆ. ಜನವರಿಗೆ ಒಪ್ಪಿದರು. ಎರಡು ದಿನ ಪಕ್ಕದ ಮನೆಯವರು ಹೂವು ಕೊಯ್ಯುತ್ತಾರಂತೆ. ಈಗ ಹೊಸ ಚಿಂತೆ ಶುರುವಾಗಿದೆ. ಅಮ್ಮ ಮಲ್ಲಿಗೆ ಮುಡಿಯದೆ ಮನೆಯಿಂದ ಹೊರಡುವವರೇ ಅಲ್ಲ. ವಾಪಸ್ ಬರುವಾಗ ಗೇಟಿನಲ್ಲಿ "ಇಲ್ಲಿಂದ ಕಿತ್ತದ್ದು" ಅಂತ ಹಿಡಿಯುವುದಿಲ್ಲ, ಅಲ್ವಾ?