ಪದಚರ್ಚೆ: ‘ಹಿಮಭೂಮಿ’ಯಲ್ಲಿ ಹಿಮ ಎಲ್ಲಿದೆ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಒಂದು ಪದ ಒಂದು ವಾರದಿಂದ ತಲೆ ತಿನ್ನುತ್ತಿದೆ. ಪರ್ಮಾಫ್ರಾಸ್ಟ್, ಅಂದರೆ ವರ್ಷಗಟ್ಟಲೆ ಥಂಡಿಯಲ್ಲೇ ಉಳಿಯುವ ನೆಲ. ನಮ್ಮ ಹೈಸ್ಕೂಲಿನ ಗೋಡೆ ಪತ್ರಿಕೆಗೆ ಸೈಬೀರಿಯಾದ ನೆಲದ ಬಗ್ಗೆ ಒಂದು ಪುಟ ಬರೆಯಬೇಕಿತ್ತು. ಜಾಸ್ತಿ ಯೋಚಿಸದೆ ‘ಶಾಶ್ವತ ಹಿಮಭೂಮಿ’ ಅಂತ ಬರೆದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಓದಿ ಕೇಳಿದ: “ಅಲ್ಲಿ ನೆಲದ ಮ್ಯಾಲ ಯಾವಾಗ್ಲೂ ಬರ್ಫ ಬಿದ್ದಿರ್ತದೇನ್ರಿ ಸರ್?” ಇಲ್ಲಪ್ಪ, ಬೇಸಿಗೆಯಲ್ಲಿ ಹುಲ್ಲು, ಹೂವು, ಸೊಳ್ಳೆ ಎಲ್ಲಾ ಇರುತ್ತವೆ ಅಂದೆ. “ಮತ್ತ ಹಿಮಭೂಮಿ ಅಂತ ಯಾಕ ಬರ್ದೀರಿ?” ಉತ್ತರ ಇರಲಿಲ್ಲ.

ವಿಜ್ಞಾನಿಗಳ ಲೆಕ್ಕ ಬಹಳ ಸರಳ. ಕನಿಷ್ಠ ಎರಡು ವರ್ಷ ಬಿಡದೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಥವಾ ಅದಕ್ಕಿಂತ ಕೆಳಗೆ ಉಳಿದ ನೆಲ ಪರ್ಮಾಫ್ರಾಸ್ಟ್. ಮಣ್ಣಾದರೂ ಸರಿ, ಬಂಡೆಯಾದರೂ ಸರಿ. ನೀರಿನ ಮಾತೇ ಇಲ್ಲ. ಒಂದು ಹನಿ ನೀರಿಲ್ಲದ ಒಣ ಬಂಡೆಯೂ ಪರ್ಮಾಫ್ರಾಸ್ಟ್ ಆಗಬಹುದು. ಇನ್ನೊಂದು ತಮಾಷೆ ಅಂದರೆ, ಮೇಲೆ ಹಿಮ ದಪ್ಪಗೆ ಬಿದ್ದರೆ ಅದು ನೆಲಕ್ಕೆ ಕೌದಿ ಹೊದಿಸಿದ ಹಾಗೆ. ಚಳಿಗಾಲದ ಥಂಡಿ ಕೆಳಗೆ ಇಳಿಯಲು ಬಿಡುವುದಿಲ್ಲ. ಅಂದರೆ ನಾನು ಹೆಸರಿನಲ್ಲಿ ಸೇರಿಸಿದ ಹಿಮವೇ ಆ ನೆಲದ ಥಂಡಿಗೆ ಅಡ್ಡಿ!

‘ಶಾಶ್ವತ’ವೂ ಅಷ್ಟೇ. ಎರಡೇ ವರ್ಷ ಇದ್ದರೆ ಸಾಕು ಅಂದಮೇಲೆ ಶಾಶ್ವತ ಎಲ್ಲಿ ಬಂತು? ಇಂಗ್ಲಿಷ್ ಪದವನ್ನು 1943ರಲ್ಲಿ ಭೂವಿಜ್ಞಾನಿ ಸೀಮನ್ ಮುಲ್ಲರ್ ಅಮೆರಿಕದ ಸೈನ್ಯಕ್ಕಾಗಿ ಬರೆದ ವರದಿಯಲ್ಲಿ ಚಲಾವಣೆಗೆ ತಂದರು. ‘ಕಾಯಂ ಹೆಪ್ಪುಗಟ್ಟಿದ ನೆಲ’ ಅನ್ನುವುದರ ಮೊಟಕು ರೂಪ ಅದು. ರಷ್ಯನ್ನರು ಅದಕ್ಕೂ ಮೊದಲೇ ‘ವೆಚ್ನಾಯ ಮೆರ್ಜ್ಲೋತಾ’ ಅನ್ನುತ್ತಿದ್ದರು. ವೆಚ್ನಾಯ ಅಂದರೆ ಎಂದೆಂದಿಗೂ ಇರುವ. ಅವರಿಗೂ ಅದು ಚುಚ್ಚಿರಬೇಕು. ಆಮೇಲೆ ಅವರ ವಿಜ್ಞಾನಿಗಳು ‘ಬಹಳ ವರ್ಷದ’ ಅನ್ನುವ ಅರ್ಥದ ಪದ ತಂದರು. ನಾವು ಮಾತ್ರ ಯಾಕೆ ಶಾಶ್ವತವನ್ನು ಹಿಡಿದುಕೊಂಡು ಕೂರಬೇಕು?

ಹಾಗಾಗಿ ‘ಹೆಪ್ಪುನೆಲ’ ಅಂತ ತಿದ್ದಿದ್ದೇನೆ. ಒಣ ಬಂಡೆಗೆ ಹೆಪ್ಪು ಎಲ್ಲಿಂದ ಅಂತ ನೀವು ಕೇಳಬಹುದು. ಒಪ್ಪುತ್ತೇನೆ. ಆದರೆ ಇಂಗ್ಲಿಷಿನ ಫ್ರಾಸ್ಟ್‌ಗೂ ಅದೇ ಐಬು ಇದೆ. ಅಷ್ಟು ಐಬು ನಮಗೂ ಮಾಫಿ.

ನಿಜವಾದ ತೊಡಕು ಮುಂದಿದೆ. ಆ ನೆಲದ ಒಳಗೆ ಇರುವ ಐಸಿಗೆ ಏನನ್ನಬೇಕು? ಅದನ್ನೇ ಅಗೆದು, ಕೊರೆದು ನೋಡುವ ಒಂದು ಶಾಸ್ತ್ರ ಇದೆ. ‘ನೆಲಮಂಜು’ ಅಂದರೆ ನಮ್ಮ ಕಡೆಯವರಿಗೆ ಡಿಸೆಂಬರ್ ಬೆಳಗ್ಗೆ ಕಡಲೆ ಹೊಲದ ಮೇಲೆ ಕೂತಿರುವ ಮಂಜು ಕಣ್ಣಿಗೆ ಬರುತ್ತದೆ. ಮಂಜುಗಡ್ಡೆಯಿಂದ ‘ನೆಲಗಡ್ಡೆ’ ಮಾಡಿದರೆ ಮಕ್ಕಳು ಗೆಣಸು ಅಂದುಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ‘ನೆಲಬರ್ಫ’. ಬೇಸಿಗೆಯಲ್ಲಿ ಗೋಣಿತಟ್ಟು ಸುತ್ತಿ, ಕಟ್ಟಿಗೆ ಹೊಟ್ಟು ಮೆತ್ತಿಕೊಂಡು ಸೈಕಲ್ಲಿನ ಮೇಲೆ ಬರುವ ಗಡ್ಡೆಗೆ ಇಲ್ಲಿ ಎಲ್ಲರೂ ಬರ್ಫ ಅಂತಲೇ ಅನ್ನುವುದು. ಪಾರಸಿಯಲ್ಲಿ ಬರ್ಫ್ ಅಂದರೆ ಆಕಾಶದಿಂದ ಬೀಳುವ ಹಿಮ. ಗಟ್ಟಿ ನೀರಿಗೆ ಅವರು ಯಖ್ ಅನ್ನುತ್ತಾರೆ. ನಾವು ಹಿಮ ಕಂಡವರಲ್ಲ, ಬರ್ಫ ಗಡ್ಡೆಗೇ ನಿಂತಿತು. ಮೈಸೂರು, ಮಂಗಳೂರು ಕಡೆಯವರಿಗೆ ಇದು ಅರ್ಥ ಆಗುತ್ತದಾ? ದಯವಿಟ್ಟು ಹೇಳಿ.

ಇನ್ನು ಒಳಗಿನ ಬಗೆಗಳು. ಮಣ್ಣಿನ ಸಂದುಗಳಲ್ಲಿ ಇದ್ದಲ್ಲೇ ಗಟ್ಟಿಯಾದದ್ದು ಒಂದು, ಅದಕ್ಕೆ ‘ಸಂದುಬರ್ಫ’ ಸಾಕು. ಎರಡನೆಯದು ಐಸ್ ಲೆನ್ಸ್. ಕೂದಲೆಳೆಯಷ್ಟು ತೆಳುವಿನಿಂದ ಮೀಟರುಗಟ್ಟಲೆ ದಪ್ಪದವರೆಗೆ ಮಣ್ಣಿನ ನಡುವೆ ಹಾಸಿಕೊಂಡ ಪದರ. ಲೆನ್ಸ್‌ಗೆ ಪಠ್ಯಪುಸ್ತಕದಲ್ಲಿ ಮಸೂರ. ಮಸೂರ ಅಂದರೆ ಬೇಳೆ. ಲ್ಯಾಟಿನ್ನಿನಲ್ಲಿ ಲೆನ್ಸ್ ಅಂದರೂ ಅದೇ ಬೇಳೆ! ಹಾಗಿದ್ದರೆ ‘ಬರ್ಫಬೇಳೆ’ ಅನ್ನಬಾರದೇ? ತೊಗರಿ ನಾಡಿನವನ ಆಸೆ ಇದು, ಬೇಡ ಅಂದರೆ ಬಿಡುತ್ತೇನೆ.

ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಹೊಲದಿಂದ ಎರೆಮಣ್ಣು ತಂದು, ರೊಟ್ಟಿ ಹಿಟ್ಟಿಗಿಂತ ಮೆತ್ತಗೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿದೆ. ಥಂಡಿ ಮೇಲಿನಿಂದಲೇ ಇಳಿಯಲಿ ಅಂತ ಸುತ್ತ ಟವೆಲ್ ಸುತ್ತಿ ಫ್ರೀಜರ್‌ನಲ್ಲಿಟ್ಟೆ. “ಫ್ರಿಜ್‌ನಾಗ ಮಣ್ಣು ಇಡೋರು ಊರಾಗ ನೀವೊಬ್ರೇ ನೋಡ್ರಿ” ಅಂದಳು ಮನೆಯವಳು. ಮರುದಿನ ಮಣ್ಣು ಉಬ್ಬಿತ್ತು. ಒಡೆದರೆ ಒಳಗೆ ಗಾಜಿನ ಎಳೆಗಳ ಹಾಗೆ ಬರ್ಫ. ಎಳೆಗಳ ನಡುವಿನ ಮಣ್ಣು ಮಾತ್ರ ಬೆರಳಲ್ಲಿ ಉದುರುವಷ್ಟು ಒಣಗಿತ್ತು. ಅದರ ನೀರನ್ನೆಲ್ಲ ಬರ್ಫ ಎಳೆದುಕೊಂಡಿತ್ತು.

ಪದ ಆರಿಸಲು ಈ ಎಳೆತ ಮುಖ್ಯ. ನೀರು ಗಟ್ಟಿಯಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಅದಕ್ಕೇ ನೆಲ ಉಬ್ಬುತ್ತದೆ ಅಂತ ಜನ ನಂಬಿದ್ದರು. 1930ರ ಸುಮಾರಿಗೆ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಮಣ್ಣಿಗೆ ನೀರಿನ ಬದಲು ಬೆಂಜೀನ್ ಅನ್ನುವ ದ್ರವ ಹಾಕಿ, ಥಂಡಿಗಿಟ್ಟು ನೋಡಿದರು. ಬೆಂಜೀನ್ ಗಟ್ಟಿಯಾದರೆ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಅಂದರೆ ಉಬ್ಬಿಗೆ ಮುಖ್ಯ ಕಾರಣ ಹಿಗ್ಗುವುದಲ್ಲ. ಕೆಳಗಿನಿಂದ ದ್ರವವನ್ನು ಎಳೆದುಕೊಂಡು ಪದರ ಬೆಳೆಯುವುದು. ಅದಕ್ಕೇ ಕೆಲವರು ಸೂಚಿಸಿದ ‘ಹಿಗ್ಗುಬರ್ಫ’ ನನಗೆ ಬೇಡ.

ಮೂರನೆಯದಕ್ಕೆ ನಿಜವಾಗಲೂ ನಿಮ್ಮ ಸಹಾಯ ಬೇಕು: ಐಸ್ ವೆಜ್. ಅಲಾಸ್ಕಾದ ಉತ್ತರ ತೀರದಲ್ಲಿ ಇದನ್ನು ನೋಡಿ ಭೂವಿಜ್ಞಾನಿ ಲೆಫಿಂಗ್‌ವೆಲ್ 1915ರಲ್ಲಿ ಬರೆದರು. ಕಡುಚಳಿಯಲ್ಲಿ ನೆಲ ಕುಗ್ಗಿ ಬಿರಿಯುತ್ತದೆ. ವಸಂತದಲ್ಲಿ ಕರಗಿದ ನೀರು ಬಿರುಕಿಗೆ ಇಳಿದು ಗಟ್ಟಿಯಾಗುತ್ತದೆ. ಮುಂದಿನ ಚಳಿಗೆ ಅಲ್ಲೇ ಮತ್ತೆ ಬಿರುಕು, ಮತ್ತೆ ನೀರು. ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ದಪ್ಪ ಆಗುತ್ತಾ ಸಾವಿರಾರು ವರ್ಷಕ್ಕೆ ಮೇಲೆ ಅಗಲ, ಕೆಳಗೆ ಚೂಪು. ಮೇಲಿಂದ ನೋಡಿದರೆ ನೆಲದ ತುಂಬ ಚೌಕಳಿಗಳು. ಏಪ್ರಿಲ್‌ನಲ್ಲಿ ನಮ್ಮ ಎರೆಹೊಲ ಬಾಯಿ ಬಿಟ್ಟಿರುತ್ತದಲ್ಲ, ನೋಡಲು ಹಾಗೇ. ಇಲ್ಲಿ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಅಲ್ಲಿ ಚಳಿಗೆ ಕುಗ್ಗಿ.

ವೆಜ್ ಅಂದರೆ ಬೆಣೆ. ಆದರೆ ಬೆಣೆ ಬಡಿಯುವುದು ಸೀಳಲಿಕ್ಕೆ ಅಲ್ವಾ? ‘ಬರ್ಫಬೆಣೆ’ ಅಂದರೆ ಅದೇ ನೆಲವನ್ನು ಸೀಳಿತು ಅಂತ ಮಕ್ಕಳು ಓದಿಕೊಳ್ಳುತ್ತಾರೆ. ಇಲ್ಲಿ ಸೀಳಿದ್ದು ಚಳಿ; ಬರ್ಫ ಆಮೇಲೆ ಬಂದು ತುಂಬಿದ್ದು. ಬೆಣೆಯ ಆಕಾರ ಇದೆ, ಕೆಲಸ ಇಲ್ಲ. ಬಿರುಕಿನಲ್ಲಿ ತುಂಬಿ ಗಟ್ಟಿಯಾಗಿ ಕೂತದ್ದಕ್ಕೆ ನಿಮ್ಮ ಕಡೆ ಗೌಂಡಿಗಳೋ, ಕಲ್ಲು ಕೆಲಸದವರೋ, ರೈತರೋ ಹೇಳುವ ಪದ ಇದ್ದರೆ ತಿಳಿಸಿ. ಪುಟವನ್ನು ಸೋಮವಾರ ಗೋಡೆಗೆ ಅಂಟಿಸಬೇಕು. ಅಷ್ಟರೊಳಗೆ ಸಿಗದಿದ್ದರೆ ಆ ಹುಡುಗನನ್ನೇ ಕೇಳುತ್ತೇನೆ.