ಮೊದಲ 21 ಕಿ.ಮೀ. ಓಟಕ್ಕೆ ಹೆಂಡತಿಯ ತಯಾರಿ: ಓಡದ ಗಂಡ ಏನೇನು ಮಾಡಬಹುದು?

ಸೈಕಲ್ಲಿನವನು:

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ (37 ವರ್ಷ) ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಹಾಫ್‌ಗೆ ಹೆಸರು ಕೊಟ್ಟಿದ್ದಾಳೆ. ಇನ್ನು 14 ವಾರ ಇದೆ. ಈವರೆಗೆ 10 ಕಿ.ಮೀ. ಮೂರು ಸಲ ಓಡಿದ್ದಾಳೆ, ಕೊನೆಯದಕ್ಕೆ 1 ಗಂಟೆ 10 ನಿಮಿಷ ಆಯಿತು. ಈಗ ವಾರಕ್ಕೆ ಮೂರು ದಿನ, ಒಟ್ಟು 18-20 ಕಿ.ಮೀ. ಓಡುತ್ತಾಳೆ. ನಾನು ಓಡುವುದಿಲ್ಲ. ಗೇರ್ ಸೈಕಲ್ ಇದೆ, ಭಾನುವಾರ ಬೆಳಗ್ಗೆ ಜೊತೆಗೆ ಹೋಗಬಲ್ಲೆ. ಆರು ವರ್ಷದ ಮಗಳನ್ನು ಆ ಹೊತ್ತಿಗೆ ಅಮ್ಮ ನೋಡಿಕೊಳ್ಳುತ್ತಾರೆ. ಇರುವುದು ಮೈಸೂರಿನಲ್ಲಿ.

ಲಾಂಗ್ ರನ್ (ವಾರದ ಅತಿ ದೂರದ ಓಟ) ವಾರವಾರ ಎಷ್ಟೆಷ್ಟು ಹೆಚ್ಚಿಸಬೇಕು? ಸೈಕಲ್‌ನಲ್ಲಿ ನಾನು ಅವಳ ಪಕ್ಕದಲ್ಲೇ ಹೋಗಬೇಕಾ, ಏನೇನು ಒಯ್ಯಬೇಕು? ಮನೆಯ ಊಟದಲ್ಲಿ ಏನಾದರೂ ಬದಲಾಗಬೇಕಾ? ಅಡುಗೆ ನಾನೂ ಮಾಡುತ್ತೇನೆ. ಹುರಿದುಂಬಿಸುವುದು ಹೇಗಿದ್ದರೂ ಇದೆ, ಅದು ಬಿಟ್ಟು ಕೈಯಲ್ಲಿ ಮಾಡುವಂಥ ಕೆಲಸ ಇದ್ದರೆ ಹೇಳಿ.

ಏರಿಮೇಲೆ:

14 ವಾರ ಧಾರಾಳವಾಯ್ತು ಸರ್. ಭಾನುವಾರದ ಲಾಂಗ್ ರನ್ ಹೀಗೆ ಇಟ್ಟುಕೊಳ್ಳಿ, ಕಿಲೋಮೀಟರ್ ಲೆಕ್ಕದಲ್ಲಿ: 9, 10, 11, 8, 12, 13, 14, 10, 15, 16, 18, 13, 9. ಹದಿನಾಲ್ಕನೇ ವಾರ ಓಟವೇ. ನಾಲ್ಕನೇ, ಎಂಟನೇ ವಾರ ಇಳಿಸಿರುವುದನ್ನು ನೋಡಿ "ಚೆನ್ನಾಗಿ ಓಡ್ತಿದ್ದೀನಲ್ಲ, ಯಾಕೆ ಕಮ್ಮಿ ಮಾಡಬೇಕು" ಅಂತ ಅವರಿಗೆ ಖಂಡಿತ ಅನಿಸುತ್ತದೆ. ಅಲ್ಲಿ ಬಿಟ್ಟುಕೊಡಬೇಡಿ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬಿಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೊದಲ ಸಲ ಹಾಫ್‌ಗೆ ತಯಾರಾಗುವವರ ನೋವೆಲ್ಲ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲೇ.

ಉಳಿದಂತೆ ಮಂಗಳವಾರ 5, ಗುರುವಾರ 5. ಮೂರನೇ ವಾರದಿಂದ ಶುಕ್ರವಾರ 3 ಕಿ.ಮೀ. ಸೇರಿಸಿ, ಶನಿವಾರ ರಜಾ. ಹನ್ನೊಂದನೇ ವಾರದ ಹೊತ್ತಿಗೆ 6, 7, 4, 18, ಒಟ್ಟು 35 ಕಿ.ಮೀ. ಆದರೆ ಸಾಕೋಸಾಕು. ತರಬೇತಿಯಲ್ಲೇ 21 ಮುಟ್ಟಬೇಕಿಲ್ಲ. ಲಾಂಗ್ ರನ್ ಎರಡೂವರೆ ಗಂಟೆ ದಾಟಿದರೆ ಸುಧಾರಿಸಿಕೊಳ್ಳಲು ಅರ್ಧ ವಾರ ಹೋಗುತ್ತದೆ.

ವೇಗದ ವಿಷಯಕ್ಕೆ ಬಂದರೆ, 10 ಕಿ.ಮೀ.ಗೆ 70 ನಿಮಿಷ ಅಂದರೆ ಕಿಲೋಮೀಟರಿಗೆ 7 ನಿಮಿಷ. ಆದ್ದರಿಂದ ಲಾಂಗ್ ರನ್‌ಗೆ 8ರಿಂದ ಎಂಟೂವರೆ ನಿಮಿಷ. ತೀರಾ ನಿಧಾನ ಅನಿಸಬೇಕು, ಅದೇ ಸರಿ. ಓಡುತ್ತಲೇ "ಅಂಗಡಿಯಿಂದ ತೊಗರಿಬೇಳೆ, ಸೋಪು, ಕಾಫಿಪುಡಿ ತರಬೇಕು" ಅಂತ ಒಂದೇ ಉಸಿರಿಗೆ ಹೇಳಲು ಆದರೆ ವೇಗ ಹದವಾಗಿದೆ. "ತೊಗರಿಬೇಳೆ" ಹೇಳಿ ಉಸಿರು ಎಳೆದುಕೊಂಡರೆ ಜಾಸ್ತಿಯಾಯಿತು. ಲಾಂಗ್ ರನ್ನನ್ನೇ ಏಳೂಕಾಲು ನಿಮಿಷದಲ್ಲಿ ಓಡಿದರೆ ಮಂಗಳವಾರಕ್ಕೆ ಕಾಲು ಭಾರ, ಗುರುವಾರ ಒಲ್ಲದ ಮನಸ್ಸು, ಮುಂದಿನ ಭಾನುವಾರ ನೋವು. ಅಮೆರಿಕದ ಓಟದ ತರಬೇತುದಾರ ಜೆಫ್ ಗ್ಯಾಲೊವೇ ಬಳಕೆಗೆ ತಂದ ಓಟ-ನಡಿಗೆ ಕ್ರಮವೂ ಒಳ್ಳೆಯದೇ: 8 ನಿಮಿಷ ಓಟ, 1 ನಿಮಿಷ ಚುರುಕು ನಡಿಗೆ, ಮೊದಲ ಕಿಲೋಮೀಟರಿನಿಂದಲೇ. ಸುಸ್ತಾದ ಮೇಲೆ ನಡೆಯಲು ಶುರು ಮಾಡಿದರೆ ಅದರಿಂದ ಉಪಯೋಗವಿಲ್ಲ.

ಇನ್ನು ಸೈಕಲ್. ಪಕ್ಕದಲ್ಲಿ ಹೋಗಬೇಡಿ, ಎರಡು ಕಾರಣ ಇದೆ. ಓಡುವವರು ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಗಡೆ ಇರಬೇಕು, ಸೈಕಲ್ ಎಡಗಡೆ ಇರಬೇಕು. ಜೊತೆಯಾಗಿ ಹೋಗಲು ಹೊರಟರೆ ಇಬ್ಬರಲ್ಲಿ ಒಬ್ಬರು ತಪ್ಪು ಬದಿಗೆ ಬಂದಿರುತ್ತಾರೆ. ಎರಡನೆಯದು, ಗಂಟೆಗೆ 7 ಕಿ.ಮೀ. ವೇಗದಲ್ಲಿ ಸೈಕಲ್ ತೂರಾಡುತ್ತದೆ. ಹಾಗಾಗಿ ನೀವು ಅರಿವಿಲ್ಲದೆ 8, 9ಕ್ಕೆ ಏರಿಸುತ್ತೀರಿ, ಅವರೂ ಅರಿವಿಲ್ಲದೆ ನಿಮ್ಮ ಚಕ್ರದ ಹಿಂದೆ ಎಳೆದುಕೊಂಡು ಬರುತ್ತಾರೆ. ಅದರ ಬದಲು 2 ಕಿ.ಮೀ. ಮುಂದೆ ಹೋಗಿ ನಿಂತು ಬಾಟಲಿ ಕೊಡಿ, ಅವರು ಮುಂದೆ ಹೋದ ಮೇಲೆ ಹೊರಟು ಮತ್ತೆ ಮುಂದಕ್ಕೆ ಹೋಗಿ. ಕುಕ್ಕರಹಳ್ಳಿ ಕೆರೆ ಸುತ್ತುವುದಾದರೆ ಸೈಕಲ್ಲೇ ಬೇಡ, ಒಂದು ಜಾಗದಲ್ಲಿ ಬಾಟಲಿ ಹಿಡಿದು ನಿಂತರಾಯಿತು, ಪ್ರತಿ ಸುತ್ತಿಗೂ ಅವರೇ ಬರುತ್ತಾರೆ. ಮಗಳನ್ನೂ ಕರೆದುಕೊಂಡು ಹೋಗಬಹುದು. ಮಣ್ಣಿನ ದಾರಿ ಆದ್ದರಿಂದ ಶ್ರೀರಂಗಪಟ್ಟಣದ ನಾಲೆ ದಂಡೆಗೂ ಕಾಲು ಒಗ್ಗುತ್ತದೆ. ಕೊನೆಯ ಆರು ವಾರ ಲಾಂಗ್ ರನ್‌ನ ಅರ್ಧ ಭಾಗವಾದರೂ ಮಣ್ಣಿನ ಮೇಲೇ ಇರಲಿ.

ನೀರು: 750 ಮಿ.ಲೀ.ನ ಎರಡು ಬಾಟಲಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಗಂಟೆಗೆ ಒಂದು ಲೀಟರ್ ಕುಡಿಸಿ.

ಒಲೆಮುಂದೆ:

ಏರಿಮೇಲೆ ಅವರ ಕೊನೇ ಸಾಲು ಒಪ್ಪಲಾರೆ. ಕಿಲೋಮೀಟರಿಗೆ 8 ನಿಮಿಷದ ಪೇಸ್‌ನಲ್ಲಿ ಓಡುವ ಹೆಣ್ಣುಮಗಳಿಗೆ ಮೈಸೂರಿನ ಬೆಳಗಿನ ತಂಪಿನಲ್ಲಿ ಗಂಟೆಗೊಂದು ಲೀಟರ್ ಬಹಳ ಜಾಸ್ತಿ. ನಿಧಾನವಾಗಿ, ತುಂಬಾ ಹೊತ್ತು ಓಡುವವರೇ ನೀರು ಹೆಚ್ಚು ಕುಡಿದು ರಕ್ತದ ಸೋಡಿಯಂ ಇಳಿಸಿಕೊಳ್ಳುವುದು: ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯುವುದು, ಮಿತಿಮೀರಿದರೆ ಪ್ರಾಣಕ್ಕೇ ಅಪಾಯ.

ಅವರಿಗೆ ಎಷ್ಟು ಬೇಕು ಅಂತ ಮನೆಯಲ್ಲೇ ಅಳೆಯಬಹುದು. ಓಟಕ್ಕೆ ಮುಂಚೆ ಮೂತ್ರಕ್ಕೆ ಹೋಗಿಬಂದು ತೂಕ ನೋಡಲಿ. ಒಂದು ಗಂಟೆ ಓಡಿ ಬಂದು, ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಲಿ. 60 ಕಿಲೋ ಇದ್ದವರು 59.4 ಆಗಿ, ನಡುವೆ 200 ಮಿ.ಲೀ. ಕುಡಿದಿದ್ದರೆ ಬೆವರಿದ್ದು ಸುಮಾರು 800 ಮಿ.ಲೀ. ಅದರಲ್ಲಿ ಅರ್ಧದಿಂದ ಮುಕ್ಕಾಲು ಪಾಲು, ಅಂದರೆ 400-600, ಗಂಟೆಗೆ ಕುಡಿದರೆ ಸಾಕು. ಶೇ. 2ರವರೆಗೆ ತೂಕ ಇಳಿದರೆ ಗಾಬರಿ ಬೇಡ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಗಿದೆ. ಟೋಪಿ ಒಣಗಿದಾಗ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ದಪ್ಪಗೆ ಕಂಡರೆ ಓಆರ್‌ಎಸ್ ಬಾಟಲಿಯನ್ನೇ ಮುಂದೆ ಮಾಡಿ.

ಓಆರ್‌ಎಸ್ ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಇರಬೇಕು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. 750ರ ಬಾಟಲಿಗೆ ಸುರಿಯಬೇಡಿ, ಒಂದು ಲೀಟರ್ ಪಾತ್ರೆಯಲ್ಲಿ ಕಲಸಿ ಅದರಿಂದ ತುಂಬಿಸಿ. ಗಟ್ಟಿಯಾದರೆ ಹೊಟ್ಟೆ ತೊಳಸುತ್ತದೆ, ಭೇದಿಯೂ ಆಗಬಹುದು. ಇನ್ನೊಂದು ಮಾತು, ಓಆರ್‌ಎಸ್‌ನಿಂದ ಶಕ್ತಿ ಬರುತ್ತದೆ ಅಂದುಕೊಳ್ಳುವವರು ತುಂಬಾ ಜನ. ಲೀಟರಿಗೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಓಟ 75-90 ನಿಮಿಷ ದಾಟುವ ದಿನ ಗಂಟೆಗೆ 30-40 ಗ್ರಾಂ ಕಾರ್ಬೋಹೈಡ್ರೇಟ್ ಬೇರೆಯಾಗಿ ಬೇಕು. ಬೀಜ ತೆಗೆದ ಸಣ್ಣ ಖರ್ಜೂರ ಐದಾದರೆ ಸುಮಾರು 30 ಗ್ರಾಂ. ಗೋಟಡಿಕೆ ಗಾತ್ರದ ಬೆಲ್ಲದ ಉಂಡೆ ಸುಮಾರು 10 ಗ್ರಾಂ, ಆದರೆ ಮೇಲೆ ನಾಲ್ಕು ಗುಟುಕು ನೀರು ಕುಡಿಯಲೇಬೇಕು. ಕಡಲೆಮಿಠಾಯಿ ಓಡುವಾಗ ಬೇಡ, ಕಡಲೆಬೀಜದ ಎಣ್ಣೆಯಂಶ ಹೊಟ್ಟೆಯಲ್ಲೇ ಕೂರುತ್ತದೆ. ಹಸಿವಾಗುವವರೆಗೆ ಕಾಯಬೇಡಿ: 40ನೇ ನಿಮಿಷಕ್ಕೊಮ್ಮೆ, ಆಮೇಲೆ ಪ್ರತಿ 30 ನಿಮಿಷಕ್ಕೆ ಸ್ವಲ್ಪ ಸ್ವಲ್ಪ. ಈ ಗಡಿಯಾರದ ಕೆಲಸ ನಿಮ್ಮದು.

ಮನೆ ಊಟ ಬದಲಿಸುವುದೇನಿಲ್ಲ, ದಿನ ನೋಡಿ ಬಡಿಸಬೇಕು. ಮುದ್ದೆ-ಬಸ್ಸಾರು, ಉಸಲಿ, ಕೋಸಂಬರಿ ವಾರವಿಡೀ ತಿನ್ನಲಿ, ಶನಿವಾರ ರಾತ್ರಿ ಮಾತ್ರ ಬೇಡ. ನಾರು ಹೆಚ್ಚಾದರೆ ಹತ್ತನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ. ಶನಿವಾರ ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ ಏಳೂವರೆಗೇ ಮುಗಿಯಲಿ. ಭಾನುವಾರ ಎದ್ದ ಕೂಡಲೇ ಎರಡು ಇಡ್ಲಿ ಸಕ್ಕರೆ ಜೊತೆ, ಅಥವಾ ಒಂದು ಪಚ್ಚಬಾಳೆ ಮತ್ತು ಎರಡು ಬ್ರೆಡ್. 12 ಕಿ.ಮೀ. ದಾಟಿದ ಮೇಲೆ ಓಟದ ದಿನ ಏನು ತಿನ್ನುತ್ತಾರೋ ಅದನ್ನೇ ಪ್ರತಿ ಭಾನುವಾರ ತಿಂದು ಹೊಟ್ಟೆಗೆ ರೂಢಿ ಮಾಡಿಸಿ.

ಈ ವಾರವೇ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅನ್ನುವುದು) ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ 15-49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇಟ್ಟುಕೊಂಡು ಓಡಿದರೆ ಎಷ್ಟು ತಯಾರಿ ಮಾಡಿದರೂ ಏದುಸಿರು ತಪ್ಪುವುದಿಲ್ಲ, "ನನ್ನ ಕೈಲಾಗಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಾರೆ. ಕಬ್ಬಿಣದ ಮಾತ್ರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಊಟದ ಕಬ್ಬಿಣ ಮೈಗೆ ಹಿಡಿಯಬೇಕಾದರೆ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ.

ಕೈಯಲ್ಲಿ ಮಾಡುವ ಕೆಲಸ ಕೇಳಿದಿರಿ. ಲಾಂಗ್ ರನ್ ಮುಗಿಸಿ ಬಂದವರು ಮನೆಮಂದಿಗೆಲ್ಲ ತಿಂಡಿ ಮಾಡಲು ಒಲೆ ಮುಂದೆ ನಿಲ್ಲುವಂತಾಗಬಾರದು. ನಿಂತಲ್ಲೇ ನಿಂತರೆ ಮೀನಖಂಡ ಗಟ್ಟಿಯಾಗುತ್ತದೆ, ಎಲ್ಲರಿಗೂ ಬಡಿಸಿ ತಾನು ತಿನ್ನುವಷ್ಟರಲ್ಲಿ ಹತ್ತು ಗಂಟೆ. ಮುಕ್ಕಾಲು ಗಂಟೆಯೊಳಗೆ ಎರಡು ಮೊಟ್ಟೆ, ಒಂದು ಲೋಟ ಹಾಲು (ಇವೆರಡರಿಂದ ಸುಮಾರು 20 ಗ್ರಾಂ ಪ್ರೋಟೀನ್ ಆಯಿತು), ಜೊತೆಗೆ ಉಪ್ಪಿಟ್ಟೋ ದೋಸೆಯೋ ಅವರ ತಟ್ಟೆಗೆ ಮೊದಲು ಬೀಳಲಿ. ಶನಿವಾರ ರಾತ್ರಿ ಮಗಳನ್ನು ಮಲಗಿಸುವುದು, ಪಾತ್ರೆ, ಸೋಮವಾರದ ಯೂನಿಫಾರ್ಮ್, ಇವೂ 14 ವಾರ ನಿಮ್ಮ ಪಾಲಿಗಿರಲಿ. ಒಂಬತ್ತೂವರೆಗೆ ಮಲಗಲು ಆಗದವರಿಗೆ ಯಾವ ವೇಳಾಪಟ್ಟಿಯೂ ದಕ್ಕುವುದಿಲ್ಲ.

ಏರಿಮೇಲೆ:

ನೀರಿನ ಲೆಕ್ಕ ಒಲೆಮುಂದೆ ಅವರು ಹೇಳಿದ್ದೇ ಸರಿ, ನನ್ನದು ತಪ್ಪು. ತೂಕ ನೋಡಿಯೇ ಅಳತೆ ಇಟ್ಟುಕೊಳ್ಳಿ.

ಸೈಕಲ್ಲಿನವನು (ಐದು ವಾರದ ನಂತರ):

ಫೆರಿಟಿನ್ ಕಡಿಮೆ ಬಂತು, ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಭಾನುವಾರದ 12 ಕಿ.ಮೀ. ಆಗಿದೆ. ಈಗ ಎರಡು ತೊಂದರೆ: ಬಲಗಾಲಿನ ಮುಂದಿನ ಎಲುಬಿನ ಒಳಬದಿಯಲ್ಲಿ ನೋವು, ಮತ್ತು ಹೆಬ್ಬೆರಳಿನ ಉಗುರು ಕಪ್ಪಾಗುತ್ತಿದೆ. ನೋವಿನ ಮಾತ್ರೆ ತೆಗೆದುಕೊಂಡು ಓಡಬಹುದಾ ಅಂತ ಕೇಳುತ್ತಿದ್ದಾಳೆ.

ಹಿಮ್ಮಡಿ:

ಮಾತ್ರೆ ತೆಗೆದುಕೊಂಡು ಓಡುವುದು ಬೇಡವೇ ಬೇಡ. ಐಬುಪ್ರೊಫೆನ್ ಥರದವು ಬೆವರಿ ನೀರಿಳಿದ ಮೈಯಲ್ಲಿ ಮೂತ್ರಪಿಂಡಕ್ಕೆ ಹೊರೆ, ಜೊತೆಗೆ ನೋವು ಮುಚ್ಚಿಹೋಗಿ ಗಾಯ ದೊಡ್ಡದಾಗುತ್ತದೆ.

ಕೂರಿಸಿ, ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ನಾಲ್ಕೈದು ಬೆರಳಗಲ ಉದ್ದಕ್ಕೂ ನೋವು ಹರಡಿದ್ದು, ಓಟ ಶುರುವಿನಲ್ಲಿ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್ (ಓಟದ ಹೊರೆಗೆ ಎಲುಬಿನ ಅಂಚು ನೋಯುವುದು) ಇರಬಹುದು. ಒಂದು ವಾರ ಓಟದ ಬದಲು ನಿಮ್ಮ ಸೈಕಲ್ ಅವರಿಗೆ ಕೊಡಿ, ಮುಂದಿನ ವಾರ ಅರ್ಧ ದೂರದಿಂದ ಶುರುಮಾಡಲಿ. ಒಂದೇ ಬೆರಳಿನ ತುದಿಯಷ್ಟು ಜಾಗದಲ್ಲಿ ಚುಳ್ಳೆನ್ನುತ್ತಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು, ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು.

ನೋವು ಇಳಿದ ಮೇಲೆ ಬುಧವಾರ, ಶನಿವಾರ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಲಿ: 12ರಂತೆ ಮೂರು ಸಲ, ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ. ಮೊದಲು ಎರಡೂ ಕಾಲಲ್ಲಿ, ಮೂರನೇ ವಾರದಿಂದ ಒಂದೊಂದೇ ಕಾಲಲ್ಲಿ.

ಉಗುರು ಕಪ್ಪಾಗಿದೆ ಅಂದರೆ ಶೂ ಚಿಕ್ಕದು, ಇಲ್ಲವೇ ಲೇಸ್ ಸಡಿಲ. ದೂರ ಓಡಿದಾಗ ಪಾದ ಊದಿಕೊಳ್ಳುತ್ತದೆ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು, ಮಾಮೂಲಿ ಸೈಜಿಗಿಂತ ಅರ್ಧದಿಂದ ಒಂದು ದೊಡ್ಡದು. ಸಂಜೆ ಹೊತ್ತು, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಕೊಳ್ಳಿ. ಬದಲಿಸುವುದಾದರೆ ಈಗಲೇ ಬದಲಿಸಿ, ಓಟದ ಹೊತ್ತಿಗೆ ಅದರಲ್ಲಿ ಕನಿಷ್ಠ 80-100 ಕಿ.ಮೀ. ಆಗಿರಬೇಕು. ಶೂನ ಕಣಕಾಲ ಹತ್ತಿರ ಖಾಲಿ ಬಿಡುವ ಕೊನೆಯ ತೂತು ಇದೆಯಲ್ಲ, ಲೇಸನ್ನು ಅದೇ ಬದಿಯಲ್ಲಿ ಅದಕ್ಕೆ ಪೋಣಿಸಿ ಚಿಕ್ಕ ಕುಣಿಕೆ ಮಾಡಿ. ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆಳೆದು ಕಟ್ಟಿ. ಹಿಮ್ಮಡಿ ಕಚ್ಚಿ ಹಿಡಿಯುತ್ತದೆ, ಬೆರಳು ಮುಂದಕ್ಕೆ ಜಾರಿ ಬಡಿಯುವುದಿಲ್ಲ. ಹತ್ತಿಯ ಕಾಲುಚೀಲ ಬೇಡ, ಬೆವರು ಹಿಡಿದಿಟ್ಟುಕೊಂಡು ಬೊಬ್ಬೆ ಏಳಿಸುತ್ತದೆ.

ಒಲೆಮುಂದೆ:

ಓಟದ ದಿನದ್ದೂ ಈಗಲೇ ಬರೆದಿಡುತ್ತೇನೆ. ಓಟದ ದಾರಿಯೊಳಕ್ಕೆ ಸೈಕಲ್ ಒಯ್ಯಬೇಡಿ. ಸ್ಪರ್ಧೆಯಲ್ಲಿ ಅದು ಹೊರಗಿನ ಸಹಾಯ ಅನ್ನಿಸಿಕೊಳ್ಳುತ್ತದೆ, ಕಿರಿದಾದ ದಂಡೆಯಲ್ಲಿ ಬೇರೆಯವರಿಗೂ ಅಡ್ಡ. 10 ಕಿ.ಮೀ. ಸಮಯದ ಲೆಕ್ಕಕ್ಕೆ ಅವರ ಹಾಫ್ 2 ಗಂಟೆ 35 ನಿಮಿಷದ ಆಸುಪಾಸು. ಮಣ್ಣುದಾರಿ, ಬಿಸಿಲು ಸೇರಿ 2.45 ಅಂದುಕೊಳ್ಳಿ. ಮೊದಲ 5 ಕಿ.ಮೀ. 8 ನಿಮಿಷದ ಪೇಸ್‌ಗಿಂತ ಜೋರು ಬೇಡ.

ವ್ಯಾಸಲಿನ್ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಸ್ಪೋರ್ಟ್ಸ್ ಬ್ರಾದ ಕೆಳಗಿನ ಪಟ್ಟಿ ಕೂರುವ ಜಾಗ, ಕಂಕುಳು, ತೊಡೆಯ ಒಳಬದಿಗೆ ಧಾರಾಳವಾಗಿ ಹಚ್ಚಲಿ. ಅಲ್ಲಿ ಉಜ್ಜಿ ಸುಲಿದದ್ದು ಓಡುವಾಗ ಗೊತ್ತಾಗುವುದಿಲ್ಲ, ಸ್ನಾನದ ನೀರು ಬಿದ್ದಾಗ ಉರಿ ಎದ್ದು ಗೊತ್ತಾಗುತ್ತದೆ. ನಿಮ್ಮ ಚೀಲದಲ್ಲಿ ಚಪ್ಪಲಿ, ಟವೆಲ್, ಒಣ ಟೀಶರ್ಟ್, ಅರ್ಧ ಲೀಟರ್ ನೀರು, ಬಾಳೆಹಣ್ಣು, ನಾಲ್ಕು ಹೆಚ್ಚುವರಿ ಸೇಫ್ಟಿ ಪಿನ್.

ಮುಗಿಸಿ ಬಂದವರನ್ನು ಕೂಡಲೇ ಕೂರಿಸಬೇಡಿ, ಹತ್ತು ನಿಮಿಷ ನಡೆಸಿ. ನಡೆಸುತ್ತಾ ಮಾತಾಡಿಸಿ: "ಮನೆ ಬೀಗದ ಕೈ ಎಲ್ಲಿಟ್ಟಿದ್ದೀಯಾ?" ಕಾಲು ನೋವು ಅಂದರೆ ಹೆದರಬೇಕಿಲ್ಲ. ಸಂಬಂಧವಿಲ್ಲದ ಉತ್ತರ, ತೂರಾಟ, ತಡವರಿಸುವ ಮಾತು ಕಂಡರೆ ಬಿಸಿಲಿನ ಹೊಡೆತ ಇರಬಹುದು. ಅಲ್ಲೇ ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕುತ್ತಾ ವೈದ್ಯಕೀಯ ತಂಡವನ್ನು ಕೂಗಿ. ಅವರ ಮಾಮೂಲಿ ಮಾತಿನ ಧಾಟಿ ಅಲ್ಲಿರುವವರಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ.

ಉಗುರು ಕತ್ತರಿಸುವುದಿದ್ದರೆ ಮೂರು ದಿನ ಮುಂಚೆಯೇ ಆಗಲಿ, ಹಿಂದಿನ ರಾತ್ರಿ ಬೇಡ.